ಅರ್ಧ ಪೆನ್ನಿಯ ಜಗಳ: ಡನ್‌ಕೆಲ್ಡ್ ಸೇತುವೆಯ ಸುಂಕದ ಪ್ರಕರಣ

1868ರಲ್ಲಿ ಸ್ಕಾಟ್ಲೆಂಡಿನ ಡನ್‌ಕೆಲ್ಡ್ ಎಂಬ ಪುಟ್ಟ ಊರಿನ ಜನ ತಮ್ಮೂರ ಸೇತುವೆಯ ಸುಂಕದ ಗೇಟನ್ನು ಕಿತ್ತು ಟೇ ನದಿಗೆ ಎಸೆದರು. ಮತ್ತೆ ಗೇಟು ಹಾಕಿದರು. ಜನ ಮತ್ತೆ ಕಿತ್ತರು. ಕೊನೆಗೆ ಸೈನಿಕರನ್ನು ಕರೆಸಬೇಕಾಯಿತು. ಇಷ್ಟೆಲ್ಲ ರಾದ್ಧಾಂತ ಎಷ್ಟು ದುಡ್ಡಿಗೆ ಅಂತ ಕೇಳಿದರೆ ನಗು ಬರುತ್ತದೆ. ನಡೆದು ದಾಟುವವರಿಗೆ ಸುಂಕ ಅರ್ಧ ಪೆನ್ನಿ. ಆಗ ಒಂದು ಪೌಂಡಿಗೆ 240 ಪೆನ್ನಿ. ಅಂದರೆ ಪೌಂಡಿನಲ್ಲಿ 480ನೇ ಒಂದು ಪಾಲು.

ಸೇತುವೆ ಈಗಲೂ ಗಟ್ಟಿಯಾಗಿ ನಿಂತಿದೆ. ಅದರ ಮೇಲೆ ಕಾರು, ಬಸ್ಸು ಓಡಾಡುತ್ತವೆ. ಅದರ ಅಂದದ ಬಗ್ಗೆ, ಕಟ್ಟಿದ ಎಂಜಿನಿಯರ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನಿಲ್ಲಿ ಜಾಸ್ತಿ ಹೇಳಬೇಕು ಅಂದುಕೊಂಡಿರುವುದು ಅದರ ಸಾಲದ ಕಥೆ. ಒಂದು ಒಳ್ಳೆಯ ಸೇತುವೆ, ಬೇಕು ಅಂತ ಕಾಯುತ್ತಿದ್ದ ಜನ, ಕೈಯಿಂದ ದುಡ್ಡು ಹಾಕಿದ ಜಮೀನುದಾರ. ಇಲ್ಲಿ ಖಳನಾಯಕ ಅಂತ ಯಾರೂ ಇಲ್ಲ. ಆದರೂ ಅರವತ್ತು ವರ್ಷ ಕಳೆಯುವಷ್ಟರಲ್ಲಿ ಅದು ಗಲಭೆಗೆ ಬಂದು ನಿಂತಿತು. ಹೇಗೆ ಅನ್ನುವುದೇ ಈ ಪ್ರಕರಣ.

ನದಿ ಮತ್ತು ಊರು

ಟೇ ಸ್ಕಾಟ್ಲೆಂಡಿನ ಅತಿ ಉದ್ದದ ನದಿ, ಸುಮಾರು 190 ಕಿಲೋಮೀಟರ್. ಆದರೆ ಉದ್ದಕ್ಕಿಂತ ಅದರ ನೀರಿನ ಪ್ರಮಾಣ ದೊಡ್ಡದು. ಇಡೀ ಬ್ರಿಟನ್‌ನಲ್ಲಿ ಇಷ್ಟು ನೀರು ಹೊರುವ ನದಿ ಬೇರೆ ಇಲ್ಲ. ಬೆಟ್ಟಗಳಲ್ಲಿ ಹಿಮ ಕರಗುವಾಗ ಮೇಲಿಂದ ಮಳೆಯೂ ಸುರಿದರೆ ನದಿ ಕೆರಳುತ್ತದೆ. 1621ರಲ್ಲಿ ಕೆಳಗಿನ ಪರ್ತ್ ಪಟ್ಟಣದ ಕಲ್ಲಿನ ಸೇತುವೆಯನ್ನು ಪ್ರವಾಹ ಕೊಚ್ಚಿಕೊಂಡು ಹೋಯಿತು. ಮುಂದಿನ ಸೇತುವೆ ಬಂದಿದ್ದು 1771ರಲ್ಲಿ, ಜಾನ್ ಸ್ಮೀಟನ್ ಕಟ್ಟಿದ್ದು. ನಡುವಿನ 150 ವರ್ಷ ಪರ್ತ್‌ನಂಥ ದೊಡ್ಡ ಊರು ದೋಣಿಗಳನ್ನೇ ನೆಚ್ಚಿಕೊಂಡಿತ್ತು. ಟೇಗೆ ಸೇತುವೆ ಕಟ್ಟುವುದು ಎಂಥ ಕೆಲಸ ಅಂತ ತಿಳಿಯಲು ಇದೊಂದು ಸಾಕು.

ಡನ್‌ಕೆಲ್ಡ್ ಇರುವುದು ಪರ್ತ್‌ನಿಂದ ಮೇಲೆ, ನದಿಯ ಉತ್ತರ ದಡದಲ್ಲಿ. ಸ್ಕಾಟ್ಲೆಂಡಿನ ತಗ್ಗು ನಾಡು ಮುಗಿದು ಬೆಟ್ಟದ ನಾಡು ಶುರುವಾಗುವ ಬಾಗಿಲಲ್ಲಿ ಈ ಊರಿದೆ. ಹಳೆಯ ಕೆಥೆಡ್ರಲ್ ಇದೆ, ಅರ್ಧ ಪಾಳು, ಅರ್ಧದಲ್ಲಿ ಇಂದಿಗೂ ಪ್ರಾರ್ಥನೆ. 1689ರ ಕದನದಲ್ಲಿ ಊರು ಬಹುತೇಕ ಸುಟ್ಟುಹೋಗಿ ಮತ್ತೆ ಕಟ್ಟಿಕೊಂಡಿತು. 18ನೇ ಶತಮಾನದ ಮೊದಲ ಭಾಗದಲ್ಲಿ ಜನರಲ್ ವೇಡ್ ಇಲ್ಲಿಂದ ಇನ್ವರ್ನೆಸ್ ಕಡೆಗೆ ಸೈನ್ಯದ ರಸ್ತೆ ಮಾಡಿಸಿದ. ಬಂಡಾಯದ ಬೆಟ್ಟದ ನಾಡನ್ನು ಹದ್ದುಬಸ್ತಿನಲ್ಲಿಡಲು ಮಾಡಿದ ರಸ್ತೆ ಅದು. ಆದರೆ ಟೇ ಮೇಲೆ ಆತ ಕಟ್ಟಿಸಿದ ದೊಡ್ಡ ಸೇತುವೆ ಡನ್‌ಕೆಲ್ಡ್‌ಗೆ ಸಿಗಲಿಲ್ಲ. ಅದು ಇನ್ನೂ ಮೇಲಿನ ಆಬರ್‌ಫೆಲ್ಡಿಯಲ್ಲಿ ಬಂತು, 1733ರಲ್ಲಿ, ಸರ್ಕಾರದ ದುಡ್ಡಿನಲ್ಲಿ.

ಡನ್‌ಕೆಲ್ಡ್‌ನಲ್ಲಿ ಹಿಂದೆ ಬಿಷಪ್‌ಗಳು ಸೇತುವೆಗೆ ಕೈ ಹಾಕಿದ್ದುಂಟು. ಒಂದೂ ಉಳಿಯಲಿಲ್ಲ. ಹಾಗಾಗಿ 1800ರ ಹೊತ್ತಿಗೂ ಉತ್ತರಕ್ಕೆ ಹೋಗುವ ಮುಖ್ಯ ದಾರಿ ಇಲ್ಲಿ ನದಿ ದಂಡೆಗೆ ಬಂದು ನಿಲ್ಲುತ್ತಿತ್ತು. ಕುದುರೆ, ಗಾಡಿ, ದನ, ಮನುಷ್ಯರು, ಎಲ್ಲರೂ ದೋಣಿಗೆ ಕಾಯಬೇಕು. ನದಿ ಏರಿದರೆ ಕಾಯುವುದೂ ವ್ಯರ್ಥ. ದೋಣಿಯೇನೂ ಪುಕ್ಕಟೆ ಇರಲಿಲ್ಲ ಅನ್ನುವುದನ್ನು ಇಲ್ಲೇ ನೆನಪಿಟ್ಟುಕೊಳ್ಳೋಣ. ನದಿ ದಾಟಲು ದುಡ್ಡು ಕೊಡುವುದು ಈ ಊರಿನವರಿಗೆ ಹೊಸದಲ್ಲ. ಸೇತುವೆ ಬಂದಾಗ ಸುಂಕಕ್ಕೆ ಯಾರೂ ಹುಬ್ಬೇರಿಸದಿದ್ದರೆ ಅದಕ್ಕೆ ಕಾರಣ ಇದೇ ಇರಬೇಕು.

ಟೆಲ್‌ಫೋರ್ಡ್ ಮಾಡಿದ್ದು

1803ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಬೆಟ್ಟದ ನಾಡಿನ ರಸ್ತೆ ಮತ್ತು ಸೇತುವೆಗಳಿಗೆ ಅಂತಲೇ ಒಂದು ಆಯೋಗ ಮಾಡಿತು. ಲೆಕ್ಕಾಚಾರ ಸರಳ: ಅರ್ಧ ಖರ್ಚು ಸರ್ಕಾರದ್ದು, ಇನ್ನರ್ಧ ಆಯಾ ಸೀಮೆಯ ಜಮೀನುದಾರರದ್ದು. ಎಂಜಿನಿಯರ್ ಆಗಿ ಬಂದವನು ಥಾಮಸ್ ಟೆಲ್‌ಫೋರ್ಡ್. 1757ರಲ್ಲಿ ಡಂಫ್ರೀಸ್ ಸೀಮೆಯಲ್ಲಿ ಕುರಿ ಕಾಯುವವನ ಮಗನಾಗಿ ಹುಟ್ಟಿದವನು. ಹುಟ್ಟಿದ ವರ್ಷವೇ ಅಪ್ಪ ತೀರಿಕೊಂಡ. ಹುಡುಗ ಲ್ಯಾಂಗ್‌ಹಮ್ ಎಂಬ ಊರಲ್ಲಿ ಕಲ್ಲುಕುಟಿಗರ ಹತ್ತಿರ ಕೆಲಸ ಕಲಿತ. ಉಳಿ, ಸುತ್ತಿಗೆ ಹಿಡಿದೇ ಮೇಲೆ ಬಂದು, ಕೊನೆಗೆ ಬ್ರಿಟನ್ನಿನ ಸಿವಿಲ್ ಎಂಜಿನಿಯರ್‌ಗಳ ಸಂಸ್ಥೆಗೆ ಮೊದಲ ಅಧ್ಯಕ್ಷನಾದ. ಬೆಟ್ಟದ ನಾಡಿನಲ್ಲಿ ಅವನ ಉಸ್ತುವಾರಿಯಲ್ಲಿ ಎದ್ದ ಸೇತುವೆಗಳು, ಚಿಕ್ಕವು ದೊಡ್ಡವು ಸೇರಿ, ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಡನ್‌ಕೆಲ್ಡ್‌ನದು ದೊಡ್ಡವುಗಳ ಸಾಲಿಗೆ ಸೇರುತ್ತದೆ.

ಕೆಲಸ ಶುರುವಾಗಿದ್ದು 1805ರಲ್ಲಿ, ಮುಗಿದಿದ್ದು 1809ರಲ್ಲಿ. ಒಟ್ಟು ಉದ್ದ 685 ಅಡಿ. ನೀರಿನ ಮೇಲೆ ಐದು ದೊಡ್ಡ ಕಮಾನು, ಎರಡೂ ದಂಡೆಯಲ್ಲಿ ಒಂದೊಂದು ಚಿಕ್ಕದು. ನಡುವಿನ ಕಮಾನು 90 ಅಡಿ ಅಗಲ. ಅದರ ಅಕ್ಕಪಕ್ಕದವು 84 ಅಡಿ, ಆಮೇಲಿನವು 74 ಅಡಿ. ನಡುವಿನಿಂದ ದಂಡೆಗೆ ಬರುತ್ತ ಕಮಾನುಗಳು ಕಿರಿದಾಗುತ್ತವೆ, ರಸ್ತೆಯೂ ಮೆಲ್ಲಗೆ ಇಳಿಯುತ್ತದೆ. ಕಣ್ಣಿಗೆ ಹಿತ ಅನ್ನಿಸುವುದು ಈ ಇಳಿತದಿಂದಲೇ.

ಟೆಲ್‌ಫೋರ್ಡ್ ಇಲ್ಲಿ ತೋರಿದ ಜಾಣತನ ಎರಡು. ಮೊದಲನೆಯದು ನದಿಯ ಜೊತೆ ಮಾಡಿಕೊಂಡ ಹೊಂದಾಣಿಕೆ. ಹರಿಯುವ ಟೇ ಒಳಗೆ ಅಡಿಪಾಯ ತೋಡುವುದು ದೊಡ್ಡ ತಲೆನೋವು. ನೀರನ್ನು ತಡೆದು, ಪಂಪು ಹಾಕಿ ಖಾಲಿ ಮಾಡಿ, ಮತ್ತೆ ಪ್ರವಾಹ ಬಂದರೆ ಮೊದಲಿಂದ ಶುರು. ಹಾಗಾಗಿ ನದಿ ಪಕ್ಕದ ಒಣ ಜಲ್ಲಿ ದಿಣ್ಣೆಯ ಮೇಲೆ ಸೇತುವೆಯ ಒಂದಷ್ಟು ಭಾಗ ಕಟ್ಟಿದರು. ಆಮೇಲೆ ನದಿಯನ್ನೇ ಅದರ ಕೆಳಗೆ ತಿರುಗಿಸಿದರು. ನದಿ ಇದ್ದಲ್ಲಿ ಸೇತುವೆ ಕಟ್ಟುವುದನ್ನು ಎಲ್ಲರೂ ಬಲ್ಲರು. ಸೇತುವೆ ಇದ್ದಲ್ಲಿಗೆ ನದಿಯನ್ನು ಕರೆದುಕೊಂಡು ಬರುವುದು, ನೋಡಿ, ಅನುಭವಸ್ಥರ ಕೆಲಸ.

ಎರಡನೆಯದು ಹೊರಗೆ ಕಾಣುವುದಿಲ್ಲ. ಕಲ್ಲಿನ ಕಮಾನು ಸೇತುವೆಯಲ್ಲಿ ಕಮಾನಿನ ಬೆನ್ನಿಗೂ ಮೇಲಿನ ರಸ್ತೆಗೂ ನಡುವೆ, ಎರಡು ಪಕ್ಕದ ಗೋಡೆಗಳ ಒಳಗೆ, ಒಂದು ಜಾಗ ಉಳಿಯುತ್ತದೆ. ಹಳಬರು ಅದಕ್ಕೆ ಮಣ್ಣು, ಕಲ್ಲುಚೂರು ತುಂಬಿ ರಸ್ತೆ ಹಾಸುತ್ತಿದ್ದರು. ಮೇಲಿಂದ ಇಳಿದ ಮಳೆನೀರನ್ನು ಆ ಮಣ್ಣು ಕುಡಿಯುತ್ತದೆ, ಭಾರವಾಗುತ್ತದೆ. ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ. ಪಕ್ಕದ ಗೋಡೆ ಹೊರಕ್ಕೆ ಬಸುರಾಗುತ್ತದೆ, ಆಮೇಲೆ ಬಿರುಕು. ಟೆಲ್‌ಫೋರ್ಡ್ ಮಣ್ಣು ತುಂಬುವುದನ್ನೇ ಬಿಟ್ಟ. ರಸ್ತೆಯ ಉದ್ದಕ್ಕೂ ಒಳಗೆ ತೆಳು ಗೋಡೆಗಳನ್ನು ಸಾಲಾಗಿ ಎಬ್ಬಿಸಿ, ಅವುಗಳ ಮೇಲೆ ಚಪ್ಪಡಿ ಹಾಸಿ, ಅದರ ಮೇಲೆ ರಸ್ತೆ ಮಾಡಿದ. ಒಳಗೆಲ್ಲ ಟೊಳ್ಳು. ಕಮಾನಿನ ಮೇಲೆ, ಅಡಿಪಾಯದ ಮೇಲೆ ಭಾರ ಕಡಿಮೆ. ಗೋಡೆಯನ್ನು ಹೊರಕ್ಕೆ ತಳ್ಳುವ ಮಣ್ಣೇ ಇಲ್ಲ. ದಕ್ಷಿಣ ಸ್ಕಾಟ್ಲೆಂಡಿನ ಟಂಗ್‌ಲ್ಯಾಂಡ್ ಸೇತುವೆಯಲ್ಲೂ ಅವನು ಅದೇ ಕಾಲದಲ್ಲಿ ಇದೇ ದಾರಿ ಹಿಡಿದಿದ್ದ.

ಕಂಬಗಳ ಮೇಲೆ ಅರ್ಧ ದುಂಡನೆಯ ಬುರುಜುಗಳಿವೆ. ಅವಕ್ಕೆ ಬಾಣ ಬಿಡುವ ಕಿಂಡಿಯಂಥ ಕೆತ್ತನೆ, ಆದರೆ ಕಿಂಡಿ ತೆರೆದಿಲ್ಲ, ಸುಮ್ನೆ ಗುರುತು. 1809ರಲ್ಲಿ ಡನ್‌ಕೆಲ್ಡ್ ಸೇತುವೆಗೆ ಬಾಣ ಹಿಡಿದು ಯಾರೂ ಬರುವವರಿರಲಿಲ್ಲ, ಬಿಡಿ. ಕೋಟೆ ಅಂದ ಅಂದರೆ ಆಗಿನ ದೊಡ್ಡವರಿಗೆ ಮೋಹ. ನನಗೇನೋ ಈ ಬುರುಜುಗಳಿಲ್ಲದೆಯೂ ಸೇತುವೆ ಚೆನ್ನಾಗೇ ಇರುತ್ತಿತ್ತು ಅನ್ನಿಸುತ್ತದೆ.

ಸೇತುವೆ ಊರನ್ನೂ ತಿರುಗಿಸಿಬಿಟ್ಟಿತು. ಅದುವರೆಗೆ ಊರಿನ ಜೀವ ಇದ್ದುದು ಕೆಥೆಡ್ರಲ್ ಕಡೆಯ ಹಳೆಯ ಬೀದಿಯಲ್ಲಿ. ಈಗ ಸೇತುವೆಯಿಂದ ನೇರ ಹೊಸ ಬೀದಿ ಎದ್ದಿತು. ಅಂಗಡಿ, ಹೋಟೆಲು ಅತ್ತ ಸರಿದವು. ಹಳೆಯ ಬೀದಿ ಪಕ್ಕದ ಗಲ್ಲಿಯಾಯಿತು. ಇವತ್ತು ಪ್ರವಾಸಿಗರು ಅಲ್ಲಿನ ಪುಟ್ಟ ಹಳೇ ಮನೆಗಳನ್ನು ಮೆಚ್ಚಿ ಫೋಟೋ ತೆಗೆಯುತ್ತಾರೆ. ಆ ಮನೆಗಳು ಉಳಿದಿದ್ದರಲ್ಲಿ ವ್ಯಾಪಾರ ಬೇರೆ ಕಡೆ ಹೋದದ್ದರ ಪಾಲೂ ಇರಬೇಕು.

ದುಡ್ಡು ಯಾರದು

ಈಗ ನಿಜವಾದ ವಿಷಯಕ್ಕೆ ಬರೋಣ. ಸೇತುವೆಯ ಅಂದಾಜು ವೆಚ್ಚ ಸುಮಾರು 15,000 ಪೌಂಡ್. ಮುಗಿಯುವ ಹೊತ್ತಿಗೆ ಅದು ಎರಡು ಪಟ್ಟನ್ನೂ ದಾಟಿತ್ತು. ನೆಪೋಲಿಯನ್ ಜೊತೆ ಯುದ್ಧ ನಡೆಯುತ್ತಿದ್ದ ಕಾಲ, ಮರ ಮತ್ತು ಕೂಲಿ ಎರಡರ ದರವೂ ಏರುತ್ತಿತ್ತು. ಸರ್ಕಾರ ತನ್ನ ಪಾಲು ಕೊಟ್ಟಿತು. ಆದರೆ ಏರಿದ ಖರ್ಚಿನ ಹೆಚ್ಚಿನ ಹೊರೆ ಬಿದ್ದಿದ್ದು ಊರಿನ ಒಡೆಯ, ಅಥೋಲ್‌ನ ನಾಲ್ಕನೇ ಡ್ಯೂಕ್ ಜಾನ್ ಮರ್ರಿ ತಲೆ ಮೇಲೆ.

ಈತ ಸಣ್ಣ ಆಸಾಮಿ ಅಲ್ಲ. ಡನ್‌ಕೆಲ್ಡ್ ಸುತ್ತಲಿನ ಬೋಳು ಬೆಟ್ಟಗಳಿಗೆಲ್ಲ ಲಾರ್ಚ್ ಮರ ನೆಡಿಸಿದವನು. ಲಕ್ಷಗಟ್ಟಲೆ ಅಲ್ಲ, ಕೋಟಿ ದಾಟಿದ ಗಿಡಗಳು. ‘ಗಿಡ ನೆಡುವ ಡ್ಯೂಕ್’ ಅಂತಲೇ ಹೆಸರಾಗಿಬಿಟ್ಟ. ಕಾಲಿಡಲಾಗದ ಬಂಡೆಯ ಇಳಿಜಾರಿಗೆ ಫಿರಂಗಿಯಲ್ಲಿ ಬೀಜ ತುಂಬಿ ಹಾರಿಸಿದ ಅಂತ ಒಂದು ಕಥೆಯೂ ಇದೆ. ನಿಜವೋ ಸುಳ್ಳೋ, ಮನುಷ್ಯ ದೊಡ್ಡದಾಗಿಯೇ ಯೋಚಿಸುತ್ತಿದ್ದ ಅನ್ನುವುದಂತೂ ತಿಳಿಯುತ್ತದೆ. ಸೇತುವೆಗೂ ಹಾಗೇ ಕೈ ಬಿಚ್ಚಿದ, ಸಾಲ ಮಾಡಿದ. ಕೊಟ್ಟದ್ದು ವಾಪಸ್ ಬರಲಿ ಅಂತ ಪಾರ್ಲಿಮೆಂಟು ಕಾಯ್ದೆಯ ಮೂಲಕ ಸುಂಕ ಎತ್ತಲು ಅನುಮತಿ ಕೊಟ್ಟಿತು. ನಡೆದು ಹೋಗುವವರಿಗೆ ಅರ್ಧ ಪೆನ್ನಿ, ಕುದುರೆ ಗಾಡಿಗಳಿಗೆ ಇನ್ನೂ ಜಾಸ್ತಿ. ಸಾಲ ತೀರಿದ ಮೇಲೆ ಸುಂಕ ನಿಲ್ಲಬೇಕು ಅನ್ನುವುದು ಜನರ ತಿಳುವಳಿಕೆ.

ಕೇಳಲು ನ್ಯಾಯವಾಗೇ ಇದೆ, ಅಲ್ವಾ? ಕಟ್ಟಿದವನಿಗೆ ದುಡ್ಡು ವಾಪಸ್, ಊರಿಗೆ ಸೇತುವೆ. ಆದರೆ ಬಡ್ಡಿಯನ್ನು ಸೇರಿಸಿ ಒಮ್ಮೆ ಕೂಡಿಸಿ ನೋಡಿ. ಇದು ಡ್ಯೂಕನ ಲೆಕ್ಕದ ಪುಸ್ತಕದ ಅಂಕಿ ಅಲ್ಲ, ಅಂದಾಜು ಸಿಗಲಿ ಅಂತ ನಾನೇ ಹಾಕಿದ್ದು. ಸಾಲ 20,000 ಪೌಂಡ್ ಅಂತ ಇಟ್ಟುಕೊಳ್ಳೋಣ. ಆ ಕಾಲದಲ್ಲಿ ಬ್ರಿಟನ್ನಿನ ಕಾನೂನು ಒಪ್ಪುತ್ತಿದ್ದ ಹೆಚ್ಚಿನ ಬಡ್ಡಿ ನೂರಕ್ಕೆ ಐದು. ವರ್ಷಕ್ಕೆ ಬಡ್ಡಿಯೇ 1,000 ಪೌಂಡ್. ಅರ್ಧ ಪೆನ್ನಿಯಲ್ಲಿ ಅಳೆದರೆ 4,80,000 ನಾಣ್ಯ. ದಿನಕ್ಕೆ 1,300 ಜನ ನಡೆದು ದಾಟಿದರೆ ಬರೀ ಬಡ್ಡಿ ಹುಟ್ಟುತ್ತದೆ. ಅಸಲಿಗೆ ಒಂದು ಕಾಸೂ ಇಲ್ಲ. ಡನ್‌ಕೆಲ್ಡ್ ಎಷ್ಟು ದೊಡ್ಡ ಊರು? ಸುಮಾರು ಒಂದು ಸಾವಿರ ಜನ ಇದ್ದ ಊರು.

ಗಾಡಿ, ಕುದುರೆ, ದನದ ಮಂದೆಗಳ ಸುಂಕ ಸೇರಿದರೆ ಚಿತ್ರ ಇಷ್ಟು ಕೆಟ್ಟದಾಗಿರುವುದಿಲ್ಲ, ನಿಜ. ಆದರೂ ದಿಕ್ಕು ಗೊತ್ತಾಯಿತಲ್ಲ. ಒಂದು ವರ್ಷದ ವಸೂಲಿ 900 ಪೌಂಡ್ ಆದರೆ ಸಾಲ ಕರಗುವ ಬದಲು 100 ಪೌಂಡ್ ಬೆಳೆಯುತ್ತದೆ. ಗೇಟು ಕಾಯುವವನ ಸಂಬಳ, ರಿಪೇರಿ ಬೇರೆ. ಹೀಗೆ ಅರವತ್ತು ವರ್ಷ ಬಡ್ಡಿ ಕಟ್ಟಿದರೆ 60,000 ಪೌಂಡ್ ಆಗುತ್ತದೆ, ಸಾಲದ ಮೂರು ಪಟ್ಟು. ಅಸಲು ಮಾತ್ರ ಹಾಗೇ ಕೂತಿರುತ್ತದೆ. ಗೇಟಿನ ಹತ್ತಿರ ನಿಂತು ನೋಡುವವನಿಗೆ ಕಾಣುವುದು ಜನ ಕೊಡುತ್ತಿರುವ ನಾಣ್ಯಗಳು ಮಾತ್ರ. ‘ಇಷ್ಟು ವರ್ಷ ಕೊಟ್ಟೆವು, ಇನ್ನೂ ತೀರಲಿಲ್ವಾ?’ ಅಂತ ಆತ ಕೇಳುತ್ತಾನೆ. ಲೆಕ್ಕ ಬರೆಯುವವನು ಪುಸ್ತಕ ನೋಡಿ ‘ಇಲ್ಲ’ ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿರಬೇಕಾಗಿಲ್ಲ. ಈ ಪ್ರಕರಣದ ಬೀಜ ಇಲ್ಲಿದೆ ಅಂತ ನನ್ನ ಅಭಿಪ್ರಾಯ.

ರೈಲು ಬಂದು ನಿಂತ ಜಾಗ

ಮೊದಲ ಕೆಲವು ದಶಕ ಸುಂಕ ಹೇಗೋ ನಡೆಯಿತು. ಸೇತುವೆ ದಾಟುವವರಲ್ಲಿ ದೂರದ ಪ್ರಯಾಣಿಕರು, ಕೋಚುಗಾಡಿಗಳು, ದನ ಹೊಡೆದುಕೊಂಡು ಹೋಗುವವರು ಇದ್ದರು. ಇಂಥವರಿಗೆ ಸುಂಕ ದಾರಿ ಖರ್ಚಿನ ಒಂದು ಭಾಗ. ಕೊಟ್ಟು ಮರೆತು ಮುಂದೆ ಹೋಗುತ್ತಾರೆ.

1856ರಲ್ಲಿ ಪರ್ತ್ ಕಡೆಯಿಂದ ರೈಲು ಬಂತು. ಆದರೆ ನದಿ ದಾಟಲಿಲ್ಲ. ಸ್ಟೇಷನ್ ಆಗಿದ್ದು ದಕ್ಷಿಣ ದಡದ ಬರ್ನಮ್‌ನಲ್ಲಿ. ಏಳು ವರ್ಷ ಅದೇ ಕೊನೆಯ ನಿಲ್ದಾಣ. 1863ರಲ್ಲಿ ಹಳಿ ಉತ್ತರಕ್ಕೆ ಬೆಳೆದಾಗಲೂ ಡನ್‌ಕೆಲ್ಡ್ ಊರಿಗೆ ಮುಖ ಮಾಡಲಿಲ್ಲ. ಸ್ಟೇಷನ್ನಿನ ಸುತ್ತ ಬರ್ನಮ್ ಹೊಸದಾಗಿ ಬೆಳೆಯಿತು. ಬೇಸಿಗೆಯಲ್ಲಿ ಹವಾ ಬದಲಾವಣೆಗೆ ಬರುವ ಪಟ್ಟಣಿಗರಿಗೆ ಮನೆ, ಹೋಟೆಲು ಎದ್ದವು.

ಅಲ್ಲಿಂದ ಸೇತುವೆಯ ಕೆಲಸವೇ ಬದಲಾಯಿತು. ಎರಡೂ ದಡ ಸೇರಿ ಈಗ ಒಂದೇ ಊರಿನ ಹಾಗೆ ಬದುಕಬೇಕು. ಡನ್‌ಕೆಲ್ಡ್‌ನ ಅಂಗಡಿಯವನಿಗೆ ಸರಕು ಬರುವುದು ಆಚೆ ದಡಕ್ಕೆ. ರೈಲು ಹತ್ತುವವನು ಸುಂಕ ಕೊಡಬೇಕು, ಇಳಿದು ಮನೆಗೆ ಬರುವವನೂ ಕೊಡಬೇಕು. ಕಲ್ಲಿದ್ದಲು ಬಂದರೂ ಗಾಡಿಯ ಸುಂಕ ಸೇರಿ ಬೆಲೆ ಏರುತ್ತದೆ. ಹಿಂದೆ ಅಪರೂಪಕ್ಕೆ ಕೊಡುತ್ತಿದ್ದ ಅರ್ಧ ಪೆನ್ನಿ ಈಗ ದಿನದ ಖರ್ಚಾಯಿತು. ದಿನಗೂಲಿಯವನೊಬ್ಬ ಆಚೆ ದಡಕ್ಕೆ ಕೆಲಸಕ್ಕೆ ಹೋಗಿ ಬಂದು, ಎರಡು ಸಲವೂ ಕೊಟ್ಟ ಅಂತಿಟ್ಟುಕೊಳ್ಳಿ. ವಾರಕ್ಕೆ ಆರು ಪೆನ್ನಿ, ಅರ್ಧ ಶಿಲ್ಲಿಂಗ್. ಆ ಕಾಲದ ಹೊಲದ ಕೂಲಿಗೆ ವಾರದ ದುಡಿಮೆ ಹನ್ನೆರಡು ಹದಿನೈದು ಶಿಲ್ಲಿಂಗ್. ದೊಡ್ಡ ಮೊತ್ತ ಅಲ್ಲ. ಆದರೆ ಪ್ರತಿ ವಾರ ಕೈಯಾರೆ ಎಣಿಸಿ ಕೊಡುವ ಮೊತ್ತ.

1805ರಲ್ಲಿ ಒಪ್ಪಂದ ಮಾಡಿದವರ ಕನಸಿನಲ್ಲೂ ರೈಲು ಇರಲಿಲ್ಲ. ಅವರನ್ನು ಬೈಯುವಂತಿಲ್ಲ. ಆದರೆ ಬಳಕೆ ಬದಲಾದಾಗ ಒಪ್ಪಂದವನ್ನು ಮತ್ತೆ ಕೂತು ನೋಡುವ ದಾರಿ ಯಾರ ಕೈಯಲ್ಲೂ ಇರಲಿಲ್ಲ. ಊರಿನವರು ಕೇಳಬೇಕಾದ್ದು ಡ್ಯೂಕನ ಮನೆತನವನ್ನು. ಸುಂಕ ಹೋಗುವುದೂ ಆ ಮನೆತನಕ್ಕೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆ ಅನ್ನುವುದು ನಮ್ಮ ಗಾದೆಗೆ ಗೊತ್ತು. ಡನ್‌ಕೆಲ್ಡ್‌ನವರಿಗೂ ಅಷ್ಟೇ ಆಯಿತು.

1868

ಜನರ ಗೊಣಗಾಟಕ್ಕೆ ಒಂದು ದನಿ ಸಿಕ್ಕಿದ್ದು ಅಲೆಕ್ಸಾಂಡರ್ ರಾಬರ್ಟ್‌ಸನ್ ಎಂಬವನಿಂದ. ತನ್ನನ್ನು ಹಳೆಯ ರಾಬರ್ಟ್‌ಸನ್ ಕುಲದ ಒಡೆಯ ಅಂತ ಹೇಳಿಕೊಂಡು ‘ಡನ್‌ಡೊನಾಕಿ’ ಅನ್ನುವ ಹೆಸರಲ್ಲಿ ಓಡಾಡುತ್ತಿದ್ದ. ಸ್ವಲ್ಪ ನಾಟಕದ ಮನುಷ್ಯ. ಬೆಟ್ಟದ ನಾಡಿನಲ್ಲಿ ದೊಡ್ಡ ಜಮೀನುದಾರರ ವಿರುದ್ಧ ಆಗ ಕಾವು ಏರುತ್ತಿತ್ತು, ಅವನ ಮಾತಿಗೆ ಜನ ಸೇರಿದರು. ಅವನ ವಾದ ನೇರ: ಸಾಲ ಯಾವಾಗಲೋ ತೀರಿದೆ, ಇನ್ನು ಎತ್ತುತ್ತಿರುವುದು ಅನ್ಯಾಯದ ಸುಂಕ. ಎಸ್ಟೇಟಿನ ಕಡೆಯವರ ಉತ್ತರವೂ ನೇರ: ತೀರಿಲ್ಲ.

ಆ ಹೊತ್ತಿಗೆ ಸೇತುವೆ ಕಟ್ಟಿಸಿದ ಡ್ಯೂಕ್ ತೀರಿಕೊಂಡು 38 ವರ್ಷವಾಗಿತ್ತು. ಈಗ ಇದ್ದವನು ಏಳನೆಯವನು, ನಾಲ್ಕು ವರ್ಷದ ಹಿಂದಷ್ಟೇ ಪಟ್ಟಕ್ಕೆ ಬಂದವನು. ಸಾಲ ಮಾಡಿದವನು ಅವನಲ್ಲ, ಸೇತುವೆ ಬೇಕು ಅಂತ ಕೇಳಿದವರಲ್ಲೂ ಹೆಚ್ಚಿನವರು ಮಣ್ಣಾಗಿದ್ದರು. ಎರಡೂ ಕಡೆ ಉಳಿದಿದ್ದು ಮೊಮ್ಮಕ್ಕಳ ಕಾಲದವರು. ಹಿರಿಯರ ನಡುವೆ ಇದ್ದ ದಾಕ್ಷಿಣ್ಯ ಇವರ ನಡುವೆ ಇರಬೇಕಾಗಿರಲಿಲ್ಲ.

1868ರ ಬೇಸಿಗೆಯ ಹೊತ್ತಿಗೆ ಮಾತು ಕೈಗೆ ಬಂತು. ಗೇಟು ನದಿಗೆ ಬಿತ್ತು. ಮತ್ತೆ ಹಾಕಿದ್ದನ್ನೂ ಉಳಿಸಲಿಲ್ಲ. ಇಂಥ ಊರಲ್ಲಿ ಪೊಲೀಸರು ಅಂದರೆ ಎಷ್ಟು ಜನ ಇದ್ದಾರು? ರಾಯಲ್ ಹೈಲ್ಯಾಂಡರ್ಸ್ ಪಡೆಯ ಸೈನಿಕರು ಬರಬೇಕಾಯಿತು. ಬೆಟ್ಟದ ನಾಡಿನ ಹುಡುಗರನ್ನೇ ಸೇರಿಸಿ ಕಟ್ಟಿದ ಪಡೆ ಅದು. ತಮ್ಮದೇ ಸೀಮೆಯವರ ಎದುರು, ಅರ್ಧ ಪೆನ್ನಿಯ ಗೇಟು ಕಾಯಲು ನಿಂತರು. ರಾಬರ್ಟ್‌ಸನ್ ಜೈಲು ಕಂಡ. ಗೇಟು ಮತ್ತೆ ನಿಂತಿತು. ಸುಂಕವೂ ನಿಲ್ಲಲಿಲ್ಲ, ಇನ್ನೂ ಹನ್ನೊಂದು ವರ್ಷ ನಡೆಯಿತು.

ಡನ್‌ಕೆಲ್ಡ್‌ನವರು ಹೀಗೆ ಮಾಡಿದ ಮೊದಲಿಗರಲ್ಲ. ದಕ್ಷಿಣದಲ್ಲಿ ಟ್ವೀಡ್ ನದಿಯ ಕೆಲ್ಸೊ ಊರಿನ ಕಥೆ ಇದರ ಅಣ್ಣನಂತಿದೆ. ಅಲ್ಲಿ ಹಳೆಯ ಸೇತುವೆ 1797ರ ಪ್ರವಾಹದಲ್ಲಿ ಹೋಯಿತು. ಜಾನ್ ರೆನಿ 1800ರಿಂದ 1803ರ ನಡುವೆ ಐದು ಕಮಾನಿನ ಹೊಸ ಸೇತುವೆ ಕಟ್ಟಿದ. ಬಹಳ ಚೆಂದದ್ದು. ಲಂಡನ್ನಿನ ವಾಟರ್ಲೂ ಸೇತುವೆಗೆ ಅವನು ಮುಂದೆ ಇದೇ ರೂಪ ಬಳಸಿದ. ಅಲ್ಲೂ ಸುಂಕ, ಅಲ್ಲೂ ‘ದುಡ್ಡು ವಾಪಸ್ ಬಂದಾಯಿತು, ಇನ್ನೂ ಯಾಕೆ’ ಎಂಬ ಪ್ರಶ್ನೆ, 1854ರಲ್ಲಿ ಅಲ್ಲೂ ಗಲಭೆ. ಎರಡೂ ಊರಿನವರ ಸಿಟ್ಟು ಒಂದೇ ಜಾಗದಲ್ಲಿ ಸಿಡಿದಿದೆ ಅನ್ನುವುದನ್ನು ಗಮನಿಸಿ. ಸುಂಕ ಹಾಕಿದ ದಿನ ಯಾರೂ ಗೇಟು ಮುರಿಯಲಿಲ್ಲ. ಸುಂಕ ಮುಗಿಯಬೇಕು ಅಂತ ಅವರು ಅಂದುಕೊಂಡ ದಿನ ಕಳೆದ ಮೇಲೆ ಮುರಿದರು.

ಕೊನೆಗೆ ಆದದ್ದು

ಬಿಡುಗಡೆ ಬಂದಿದ್ದು ಕಾಯ್ದೆಯಿಂದ. ಸ್ಕಾಟ್ಲೆಂಡಿನ ರಸ್ತೆ ಮತ್ತು ಸೇತುವೆಗಳ 1878ರ ಕಾಯ್ದೆ ಇಡೀ ದೇಶದ ಸುಂಕದ ಕಟ್ಟೆಗಳಿಗೆ ಕೊನೆ ಹಾಡಿತು. ರಸ್ತೆ, ಸೇತುವೆಗಳ ಹೊಣೆ ಕೌಂಟಿಯ ಆಡಳಿತಕ್ಕೆ. ಖರ್ಚಿಗೆ ಜಮೀನು, ಮನೆಗಳ ಮೇಲೆ ತೆರಿಗೆ. 1879ರಲ್ಲಿ ಡನ್‌ಕೆಲ್ಡ್ ಸೇತುವೆ ಪರ್ತ್‌ಶೈರ್ ಕೌಂಟಿಯ ಕೈಗೆ ಬಂತು, ಗೇಟು ಹೋಯಿತು. ಈ ಸಲ ನದಿಗೆ ಎಸೆಯಬೇಕಾಗಿ ಬರಲಿಲ್ಲ.

ಗಲಭೆಯಿಂದಲೇ ಸುಂಕ ಹೋಯಿತು ಅಂತ ಹೇಳುವವರಿದ್ದಾರೆ. ನನಗೆ ಅಷ್ಟು ಖಾತ್ರಿ ಇಲ್ಲ. ಸುಂಕದ ಕಟ್ಟೆಗಳ ಕಾಲವೇ ಮುಗಿಯುತ್ತ ಬಂದಿತ್ತು. ರೈಲು ಬಂದ ಮೇಲೆ ದೂರದ ಗಾಡಿಗಳು ಕಡಿಮೆಯಾಗಿ ರಸ್ತೆ ಸುಂಕದ ಆದಾಯ ಎಲ್ಲ ಕಡೆ ಸೊರಗಿತ್ತು. ಡನ್‌ಕೆಲ್ಡ್ ಗಲಾಟೆ ಮಾಡದೆ ಸುಮ್ಮನೆ ಕೂತಿದ್ದರೂ ಈ ಕಾಯ್ದೆ ಬರುತ್ತಿತ್ತು ಅನ್ನಿಸುತ್ತದೆ. ಆದರೆ ಕಾಯ್ದೆ ಬಂದಾಗ ಇನ್ನೂ ಕೆಲವು ವರ್ಷ ತಳ್ಳೋಣ ಅನ್ನುವ ಧೈರ್ಯ ಈ ಸೇತುವೆಯ ಮಟ್ಟಿಗೆ ಯಾರಿಗೂ ಬಾರದಂತೆ ಮಾಡಿದ್ದು ಗೇಟು ಮುರಿದವರೇ ಇರಬಹುದು.

ಎಡವಿದ್ದು ಎಲ್ಲಿ ಅಂತ ಕೇಳಿದರೆ ನಾನು ಬೆರಳು ತೋರಿಸುವುದು ದರದ ಕಡೆ ಅಲ್ಲ. ಅರ್ಧ ಪೆನ್ನಿಗಿಂತ ಚಿಕ್ಕ ಸುಂಕ ಹಾಕುವುದು ಕಷ್ಟವಿತ್ತು. ಎಡವಿದ್ದು ಎರಡು ಕಡೆ. ಸಾಲ ಎಷ್ಟು ಉಳಿದಿದೆ ಎಂಬ ಲೆಕ್ಕ ಸುಂಕ ತೆಗೆದುಕೊಳ್ಳುವವನ ಮನೆಯಲ್ಲೇ ಇತ್ತು. ಕೊಡುವವನು ನಂಬುವಂಥ ಮೂರನೆಯವನು ಅದನ್ನು ವರ್ಷ ವರ್ಷ ನೋಡಿ ಹೇಳಿದ್ದರೆ, ‘ತೀರಿಲ್ಲ’ ಅನ್ನುವ ಮಾತಿಗೆ ಬೆಲೆ ಇರುತ್ತಿತ್ತು. ಇನ್ನೊಂದು, ಸುಂಕಕ್ಕೆ ತಾರೀಖಿನ ಕೊನೆ ಇರಲಿಲ್ಲ, ಮೊತ್ತದ ಕೊನೆ ಇತ್ತು. ಬಡ್ಡಿ ಓಡುತ್ತಿರುವ ಮೊತ್ತ ಹತ್ತಿರ ಹೋದಷ್ಟೂ ದೂರ ಸರಿಯುತ್ತದೆ. ‘ಮೂವತ್ತು ವರ್ಷ, ಆಮೇಲೆ ಬಿಟ್ಟುಬಿಡುತ್ತೇವೆ’ ಅಂದಿದ್ದರೆ ಡ್ಯೂಕನಿಗೆ ನಷ್ಟ ಆಗುತ್ತಿತ್ತೋ ಏನೋ. ಸೈನಿಕರು ಬರಬೇಕಾಗುತ್ತಿರಲಿಲ್ಲ.

ಡ್ಯೂಕನ ಪರವಾಗಿಯೂ ಒಂದು ಮಾತು ಹೇಳಬೇಕು. ಅವನು ಕೈ ಹಾಕದಿದ್ದರೆ ಸರ್ಕಾರದ ಪಾಲಿನಲ್ಲಿ ಈ ಸೇತುವೆ ಏಳುತ್ತಿರಲಿಲ್ಲ. ಅಂದಾಜು ಮೀರಿದಾಗ ಅರ್ಧಕ್ಕೆ ನಿಲ್ಲಿಸಿ ಹೋಗಬಹುದಿತ್ತು. ಹೋಗಲಿಲ್ಲ. ಅವನು ತನಗಾಗಿ ಕಟ್ಟಿಸಲು ಶುರು ಮಾಡಿದ ಅರಮನೆ 1830ರಲ್ಲಿ ಅವನು ಸತ್ತಾಗ ಅರ್ಧಕ್ಕೇ ನಿಂತಿತು. ಸೇತುವೆ ಮಾತ್ರ ಪೂರ್ತಿಯಾಯಿತು.

ನೂರ ಇಪ್ಪತ್ತೇಳು ವರ್ಷದ ಮೇಲೆ

ಈ ಪ್ರಕರಣವನ್ನು ಹಳೇ ಕಾಲದ ಕಥೆ ಅಂತ ಪಕ್ಕಕ್ಕಿಡಬಹುದಿತ್ತು. ಆದರೆ 1868ರಿಂದ 127 ವರ್ಷ ಎಣಿಸಿದರೆ 1995. ಆ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಸ್ಕೈ ದ್ವೀಪಕ್ಕೆ ಕಾಂಕ್ರೀಟ್ ಸೇತುವೆ ತೆರೆಯಿತು. ಖಾಸಗಿ ಬಂಡವಾಳ, ಸುಂಕದಿಂದ ವಸೂಲಿ. ಸೇತುವೆ ತೆರೆದಾಗ ಪಕ್ಕದ ದೋಣಿ ಸೇವೆ ನಿಂತಿತು. ಬೇಸಿಗೆಯಲ್ಲಿ ಕಾರಿಗೆ ಒಂದು ದಿಕ್ಕಿಗೆ ಐದು ಪೌಂಡಿಗೂ ಹೆಚ್ಚು. ದ್ವೀಪದವರು ಮೊದಲ ದಿನದಿಂದಲೇ ಕೊಡುವುದಿಲ್ಲ ಅಂದರು.

ಇಲ್ಲಿ ಯಾರೂ ಗೇಟು ಮುರಿದು ಸಮುದ್ರಕ್ಕೆ ಎಸೆಯಲಿಲ್ಲ. ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಸುಂಕ ಕೊಡದೆ ಕೇಸು ಹಾಕಿಸಿಕೊಂಡರು. ನೂರಕ್ಕೂ ಹೆಚ್ಚು ಜನರ ಮೇಲೆ ಅಪರಾಧ ಸಾಬೀತಾಯಿತು. ವಿಚಾರಣೆಗೆ ದ್ವೀಪದಿಂದ ಆಚೆ ತೀರದ ಡಿಂಗ್‌ವಾಲ್ ಕೋರ್ಟಿಗೆ ಹೋಗಬೇಕಿತ್ತು. ಹೋಗಿ ಬರುವಾಗಲೂ ಅದೇ ಸೇತುವೆ, ಅದೇ ಸುಂಕದ ಗೇಟು. ಲೆಕ್ಕ ತೋರಿಸಿ, ಒಪ್ಪಂದದ ಕಾಗದ ತೋರಿಸಿ ಅನ್ನುವ ಬೇಡಿಕೆ ಇಲ್ಲಿಯೂ ಮುಂದಿತ್ತು. ಒಂಬತ್ತು ವರ್ಷ ಎಳೆದಾಡಿ, 2004ರ ಡಿಸೆಂಬರ್ 21ರಂದು ಸ್ಕಾಟ್ಲೆಂಡ್ ಸರ್ಕಾರ ಸುಮಾರು 2.7 ಕೋಟಿ ಪೌಂಡ್ ಕೊಟ್ಟು ಒಪ್ಪಂದವನ್ನೇ ಕೊಂಡುಕೊಂಡಿತು. ಸುಂಕ ಅಂದೇ ನಿಂತಿತು.

ಡನ್‌ಕೆಲ್ಡ್ ಮತ್ತು ಸ್ಕೈ ನಡುವೆ ನನಗೆ ಕಾಣುವ ವ್ಯತ್ಯಾಸ ಒಂದೇ. ಡ್ಯೂಕನ ಸುಂಕಕ್ಕೆ ಜನ ಮೊದಲ ಐವತ್ತು ವರ್ಷ ತಾಳ್ಮೆ ತೋರಿದರು, ಯಾಕೆಂದರೆ ಹಿಂದಿನ ದೋಣಿಗಿಂತ ಸೇತುವೆ ಎಷ್ಟೋ ಪಾಲು ಮೇಲಾಗಿತ್ತು. ಸ್ಕೈನವರ ಹತ್ತಿರ ಆಗಲೇ ಹಗಲು ರಾತ್ರಿ ಓಡುವ ಒಳ್ಳೆಯ ದೋಣಿ ಇತ್ತು. ಅದನ್ನು ನಿಲ್ಲಿಸಿ, ‘ಬೇರೆ ದಾರಿ ಇಲ್ಲ, ಕೊಡಿ’ ಅಂದಾಗ ತಾಳ್ಮೆಗೆ ಆಸ್ಪದವೇ ಇರಲಿಲ್ಲ.

ಅಲ್ಲಿಂದ ಮುಂದೆ ಉಳಿದವೂ ಬೇಗ ಬೇಗ ಹೋದವು. 2006ರಲ್ಲಿ ಗ್ಲಾಸ್ಗೊ ಹತ್ತಿರದ ಅರ್ಸ್ಕಿನ್ ಸೇತುವೆ. 2008ರ ಫೆಬ್ರುವರಿ 11ರಂದು ಕೊನೆಯ ಎರಡು, ಫೋರ್ತ್ ರಸ್ತೆ ಸೇತುವೆ ಮತ್ತು ಡಂಡೀ ಹತ್ತಿರದ ಟೇ ರಸ್ತೆ ಸೇತುವೆ. ಹೌದು, ಅದೇ ಟೇ. ಡನ್‌ಕೆಲ್ಡ್‌ನಲ್ಲಿ ಸುಂಕ ಹೋಗಿ 129 ವರ್ಷದ ಮೇಲೆ ಅದೇ ನದಿಯ ಕೆಳಗಿನ ತುದಿಯಲ್ಲೂ ಹೋಯಿತು. ಸ್ಕಾಟ್ಲೆಂಡಿನ ಯಾವ ಸೇತುವೆಗೂ ಈಗ ಸುಂಕವಿಲ್ಲ.

ಡನ್‌ಕೆಲ್ಡ್ ಸೇತುವೆಯ ಮೇಲಿನ ಹೊರೆ ಈಗ ಕಡಿಮೆಯಾಗಿದೆ. ಉತ್ತರಕ್ಕೆ ಹೋಗುವ ಎ9 ಹೆದ್ದಾರಿಯನ್ನು 1970ರ ದಶಕದಲ್ಲಿ ಊರಿನ ಹೊರಗಿಂದ ತಿರುಗಿಸಿದರು. 1993ರ ಜನವರಿಯಲ್ಲಿ ಟೇ ಮತ್ತೆ ಕೆರಳಿ, ಕೆಳಗಿನ ಬ್ಯಾಲಥಿಯಲ್ಲಿ ಸೆಕೆಂಡಿಗೆ 2,200 ಘನ ಮೀಟರ್‌ಗೂ ಹೆಚ್ಚು ನೀರು ಹರಿದದ್ದು ದಾಖಲಾಯಿತು. ಟೆಲ್‌ಫೋರ್ಡನ ಕಮಾನುಗಳು ಅದನ್ನೂ ದಾಟಿಸಿಕೊಂಡವು. ಸರ್ಕಾರಿ ರಕ್ಷಣೆಯ ಪಟ್ಟಿಯಲ್ಲಿ ಸೇತುವೆಗೆ ಮೊದಲ ದರ್ಜೆ ಸಿಕ್ಕಿದೆ. ಬರ್ನಮ್‌ನಲ್ಲಿ ರೈಲು ಇಳಿದು ಡನ್‌ಕೆಲ್ಡ್‌ಗೆ ನಡೆದು ಹೋಗುವವರು ಈಗಲೂ ಇದರ ಮೇಲೇ ಹೋಗುತ್ತಾರೆ, ಪುಕ್ಕಟೆಯಾಗಿ. ಸಂದು ಬಿಟ್ಟ ಕಲ್ಲಿಗೆ ಗಾರೆ ತುಂಬುವ, ಬೇರು ಬಿಟ್ಟ ಗಿಡ ಕೀಳುವ ಖರ್ಚು ಸ್ಥಳೀಯ ಕೌನ್ಸಿಲ್‌ನದು. ಅಂದರೆ ಸೇತುವೆ ದಾಟುವವರದೂ ಹೌದು, ಒಮ್ಮೆಯೂ ದಾಟದ ತೆರಿಗೆದಾರರದೂ ಹೌದು.